ಯಾರು ಮೊದಲು ಮಲಗಬೇಕು?

ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದರೂ ಕೆಳಗೆ ಊರಲ್ಲಿ ಕರೆಂಟು ಹೋಗುವುದು ತಪ್ಪಿಲ್ಲ. ರೋಣ, ನರಗುಂದದ ಕಡೆ ಲ್ಯಾಪ್‌ಟಾಪ್ ಕೊಳ್ಳುವವರು "ಬ್ಯಾಟರಿ ಎಷ್ಟು ತಾಸು ಬರ್ತೈತ್ರಿ?" ಎಂದು ಕೇಳುವುದು ಸಹಜ. ಉತ್ತರ ಬ್ಯಾಟರಿಯ ಗಾತ್ರದಲ್ಲಷ್ಟೇ ಇಲ್ಲ. ಕೆಲಸವಿಲ್ಲದ ಭಾಗಗಳನ್ನು ಅವುಗಳನ್ನು ನಡೆಸುವ ತಂತ್ರಾಂಶಗಳು, ಅಂದರೆ ಡ್ರೈವರ್‌ಗಳು, ಹೇಗೆ ಮಲಗಿಸಿ ಎಬ್ಬಿಸುತ್ತವೆ ಎಂಬುದರಲ್ಲೂ ಇದೆ.

1992ರಲ್ಲಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ತಂದ ವಿದ್ಯುತ್ ನಿರ್ವಹಣೆಯ ಎಪಿಎಂ ವ್ಯವಸ್ಥೆಯಲ್ಲಿ ಕಾರುಬಾರೆಲ್ಲ ಯಂತ್ರದ ಮೂಲ ತಂತ್ರಾಂಶವಾದ ಬಯಾಸ್‌ನದು. 1996ರ ಡಿಸೆಂಬರಿನಲ್ಲಿ ತೋಶಿಬಾವೂ ಸೇರಿ ರೂಪಿಸಿದ ಎಸಿಪಿಐ ಬಂದ ಮೇಲೆ ಯಜಮಾನಿಕೆ ಆಪರೇಟಿಂಗ್ ಸಿಸ್ಟಂ ಕೈಗೆ ಬಂತು. ಪೂರ್ಣ ಎಚ್ಚರದ ಡಿ0ಯಿಂದ ಗಾಢ ನಿದ್ದೆಯ ಡಿ3ರವರೆಗೆ ಸಾಧನಗಳಿಗೆ ಹಂತಗಳೂ ಗೊತ್ತಾದವು.

ಆದರೆ ಸಾಧನಗಳನ್ನು ಯಂತ್ರಕ್ಕೆ ಜೋಡಿಸುವ ಹಾದಿಗೆ, ಅಂದರೆ ಬಸ್ಸಿಗೆ, ಒಂದೊಂದು ಪದ್ಧತಿ. ಪಿಸಿಐ ಸಾಧನವನ್ನು ಮಲಗಿಸಲು ಅದರ ರಿಜಿಸ್ಟರಿನಲ್ಲಿ ಹಂತವನ್ನು ಬರೆಯಬೇಕು. ಯುಎಸ್‌ಬಿಯಲ್ಲಿ ತಂತಿ 3 ಮಿಲಿಸೆಕೆಂಡು ಮೌನವಾದರೆ ಸಾಧನ ತಾನೇ ನಿದ್ದೆಗೆ ಜಾರಬೇಕು. ಚಿಪ್ಪುಗಳನ್ನು ಜೋಡಿಸುವ ಐಸ್ಕ್ವೇರ್‌ಸಿ ಬಸ್ಸಿಗೆ ಇಂಥ ನಿಯಮವೇ ಇಲ್ಲ. ಎಲ್ಲವೂ ಆಯಾ ಚಿಪ್ಪಿಗೆ ಕರೆಂಟು ಕೊಡುವ ರೆಗ್ಯುಲೇಟರು, ಕ್ಲಾಕಿನ ಮೇಲೆ ನಿಂತಿದೆ. ವಿಂಡೋಸ್ 2000ದ ಡ್ರೈವರ್ ಬರೆಯುವವರಿಗೆ ವಿದ್ಯುತ್ ಸಂದೇಶಗಳನ್ನು ಸಂಭಾಳಿಸುವುದೇ ದೊಡ್ಡ ತಲೆನೋವಾಗಿತ್ತು. ಮುಂದೆ ಮೈಕ್ರೋಸಾಫ್ಟ್‌ನ ಡ್ರೈವರ್ ಚೌಕಟ್ಟಾದ ಕೆಎಂಡಿಎಫ್ ಆ ಭಾರ ಹೊತ್ತುಕೊಂಡಿತು.

ನನ್ನ ಲೆಕ್ಕದಲ್ಲಿ ನಿಜವಾದ ತಿರುವು 2003ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ 2.6. ಪ್ಯಾಟ್ರಿಕ್ ಮೋಚೆಲ್ ಮುಂತಾದವರು ಎಲ್ಲ ಬಸ್ಸುಗಳ ಸಾಧನಗಳನ್ನೂ ವಂಶವೃಕ್ಷದಂಥ ಒಂದೇ ಮರಕ್ಕೆ ತಂದರು. ಮಲಗುವಾಗ ಮಕ್ಕಳು ಮೊದಲು, ಏಳುವಾಗ ಹೆತ್ತವರು ಮೊದಲು. ಈ ಕ್ರಮ ತಪ್ಪಿದರೆ ಹಬ್ ಮಲಗಿದ ಮೇಲೆ ಅದರಡಿಯ ಪೆನ್‌ಡ್ರೈವಿಗೆ ಆಜ್ಞೆ ಮುಟ್ಟಿಸುವ ದಾರಿಯೇ ಇರದು. 2008ರ ಸುಮಾರಿಗೆ ರಾಫೆಲ್ ವೈಸೋಕಿ ನಿದ್ದೆಗೂ ಹೈಬರ್ನೇಷನ್‌ಗೂ ಬೇರೆಬೇರೆ ಕರೆಗಳ ಒಂದೇ ಪಟ್ಟಿಯನ್ನು ಎಲ್ಲ ಡ್ರೈವರ್‌ಗಳಿಗೂ ಒದಗಿಸಿದರು. ನೆಟ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ ಕೂಡ 2009ರ 5.0 ಆವೃತ್ತಿಯಲ್ಲಿ ಪಿಎಂಎಫ್ ಹೆಸರಲ್ಲಿ ಇದೇ ಹಾದಿ ಹಿಡಿಯಿತು.

ಅದೇ ವರ್ಷದ ಕೊನೆಗೆ ಲಿನಕ್ಸ್ 2.6.32ರಲ್ಲಿ ರನ್‌ಟೈಮ್ ಪಿಎಂ ಬಂತು: ಯಂತ್ರ ನಡೆಯುತ್ತಿರುವಾಗಲೇ ಬಿಡಿಬಿಡಿ ಸಾಧನಗಳ ನಿದ್ದೆ. ವೆಬ್‌ಕ್ಯಾಮ್ ತೆರೆದರೆ ಅದರ ಬಳಕೆಯ ಎಣಿಕೆ ಒಂದು ಏರುತ್ತದೆ. ಮೇಲಿನ ಕಂಟ್ರೋಲರ್, ಹಬ್ ಎದ್ದು ಆಮೇಲೆ ಅದು ಏಳುತ್ತದೆ. ಮುಚ್ಚಿದರೆ ಎಣಿಕೆ ಸೊನ್ನೆಗಿಳಿದು, ಸಾಮಾನ್ಯವಾಗಿ ಎರಡು ಸೆಕೆಂಡಿಗೆ ನಿದ್ದೆ. ಪಿಸಿಐ ಇರಲಿ, ಯುಎಸ್‌ಬಿ ಇರಲಿ, ಪ್ರತಿ ಸಾಧನದ ಪವರ್ ಫೋಲ್ಡರಿನಲ್ಲೂ 'ಕಂಟ್ರೋಲ್' ಎಂಬ ಫೈಲು. ಒಳಗೆ 'ಆಟೋ' (ಬಿಡುವಾದಾಗ ಮಲಗು) ಅಥವಾ 'ಆನ್' (ಎಚ್ಚರವಾಗಿಯೇ ಇರು). ಇಷ್ಟಾದರೂ ಹಬ್ಬುಗಳನ್ನು ಬಿಟ್ಟರೆ ಹೆಚ್ಚಿನ ಯುಎಸ್‌ಬಿ ಸಾಧನಗಳಿಗೆ ಲಿನಕ್ಸ್ ಕರ್ನಲ್ ಈಗಲೂ 'ಆನ್' ಎಂದೇ ಇಡುತ್ತದೆ. ಮಲಗಿದ ಮೇಲೆ ಸರಿಯಾಗಿ ಏಳದ ಅಗ್ಗದ ಸಾಧನಗಳು ಪೇಟೆಯಲ್ಲಿ ಅಷ್ಟಿವೆ!

ಮೊಬೈಲ್ ಚಿಪ್ಪುಗಳು ಲೆಕ್ಕವನ್ನು ಮತ್ತೆ ಕೆಡಿಸಿದವು. 1985ರಲ್ಲೇ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಓಮ್ಯಾಪ್‌ನಂಥವುಗಳಲ್ಲಿ ಒಂದೇ ಚಿಪ್ಪಿನೊಳಗೆ ಹಲವು ಪವರ್ ಡೊಮೈನ್‌ಗಳು. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಫೀಡರು, ಪಂಪ್‌ಸೆಟ್ಟಿನ ಫೀಡರು ಬೇರೆಯಾದ ಹಾಗೆ, ಒಂದು ಡೊಮೈನಿನ ಕರೆಂಟು ತೆಗೆದರೆ ಅದರಡಿಯ ಸಾಧನಗಳೆಲ್ಲ ಒಟ್ಟಿಗೆ ಆರುತ್ತವೆ, ಅವು ಯಾವ ಬಸ್ಸಿನಲ್ಲಿದ್ದರೂ ಸರಿ. ಇದಕ್ಕೆಂದು 2011ರಲ್ಲಿ ಲಿನಕ್ಸ್‌ಗೆ ಸಾಮಾನ್ಯ ಡೊಮೈನ್ ಚೌಕಟ್ಟು ಬಂತು. ಒಂದು ಬಸ್ಸಿನ ಟಚ್‌ಸ್ಕ್ರೀನಿಗೆ ಇನ್ನೊಂದು ಬಸ್ಸಿನ ರೆಗ್ಯುಲೇಟರು ಕರೆಂಟು ಕೊಡುತ್ತಿದ್ದರೆ ಮರದ ಲೆಕ್ಕ ಸಾಲದು. ಅಂಥ ಅಡ್ಡ ನಂಟುಗಳನ್ನು ದಾಖಲಿಸಲು 2017ರ ಲಿನಕ್ಸ್ 4.10ರಲ್ಲಿ ಡಿವೈಸ್ ಲಿಂಕ್‌ಗಳು ಬಂದವು.

ಈಚಿನ ಎಷ್ಟೋ ಲ್ಯಾಪ್‌ಟಾಪ್‌ಗಳು ಇಡೀ ಯಂತ್ರವನ್ನು ಒಮ್ಮೆಲೇ ಮಲಗಿಸುವ ಹಳೆಯ ಎಸ್3 ನಿದ್ದೆಯನ್ನೇ ಕೈಬಿಟ್ಟಿವೆ. ಅವುಗಳಲ್ಲಿ ಎಲ್ಲ ಸಾಧನಗಳೂ ತಂತಮ್ಮ ಆಳದ ಹಂತಕ್ಕಿಳಿದರಷ್ಟೇ ಚಿಪ್ ಪೂರ್ತಿ ತಣ್ಣಗಾಗುತ್ತದೆ. ಒಂದು ಡ್ರೈವರ್ ಹಟ ಹಿಡಿದರೂ ಮುಚ್ಚಿಟ್ಟ ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಬ್ಯಾಟರಿ ತಿನ್ನುತ್ತದೆ. ಯಾವುದು ಹಾಗೆ ಕಾಡುತ್ತಿದೆ ಎಂದು ಹುಡುಕಲು ವಿಂಡೋಸ್‌ನಲ್ಲಿ ಸ್ಲೀಪ್‌ಸ್ಟಡಿ, ಲಿನಕ್ಸ್‌ನಲ್ಲಿ ಪವರ್‌ಟಾಪ್ ಇವೆ. ತಿದ್ದುವುದು ಮಾತ್ರ ಆ ಡ್ರೈವರ್ ಬರೆದವರ ಕೈಯಲ್ಲೇ ಇದೆ.