ಉರಿಯೂತದ ರಕ್ತಸೂಚಕಗಳು: ಮಕ್ಕಳ ನ್ಯುಮೋನಿಯ

ಮೈಯಲ್ಲಿ ಸೋಂಕು ಎದ್ದಾಗ ರಕ್ತದಲ್ಲಿ ಏರುವ ವಸ್ತುಗಳಿಗೆ ಉರಿಯೂತದ ರಕ್ತಸೂಚಕಗಳೆಂದು ಹೆಸರು. ನಮ್ಮ ಕಡೆ ಲ್ಯಾಬ್ ಚೀಟಿಯಲ್ಲಿ ಬರುವ 'ಸಿಆರ್‌ಪಿ' ಇವುಗಳಲ್ಲಿ ಹೆಸರಾದದ್ದು. ಅದು ಪತ್ತೆಯಾದದ್ದೂ ನ್ಯುಮೋನಿಯ ರೋಗಿಗಳ ರಕ್ತದಲ್ಲೇ.

ಅದಕ್ಕೂ ಮೊದಲು ಇದ್ದದ್ದು ಇಎಸ್‌ಆರ್. ಗಾಜಿನ ಕೊಳವೆಯಲ್ಲಿ ರಕ್ತ ನಿಲ್ಲಿಸಿ, ಕೆಂಪುಕಣ ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಇಳಿಯಿತೆಂದು ನೋಡುವ ಪರೀಕ್ಷೆ. 1897ರಲ್ಲಿ ಪೋಲೆಂಡಿನ ಬಿಯರ್ನಾಟ್ಸ್ಕಿ ಇದನ್ನು ಗುರುತಿಸಿದ. ಸ್ವೀಡನ್ನಿನ ವೆಸ್ಟರ್‌ಗ್ರೆನ್ 1921ರಲ್ಲಿ ವಿಧಾನವನ್ನು ವಿವರಿಸಿದ. ಅಗ್ಗ, ಆದರೆ ನಿಧಾನ. ಜ್ವರ ಬಿಟ್ಟ ಮೇಲೂ ದಿನಗಟ್ಟಲೆ ಏರಿಯೇ ಇರುತ್ತದೆ.

1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ನ್ಯುಮೋನಿಯ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯದ 'ಸಿ' ಎಂಬ ಅಂಶವನ್ನು ರೋಗಿಗಳ ರಕ್ತದ್ರವಕ್ಕೆ ಬೆರೆಸಿದರು. ಕಾಯಿಲೆ ಜೋರಿದ್ದಾಗ ಗಷ್ಟು ಕಟ್ಟಿತು, ವಾಸಿಯಾದವರಲ್ಲಿ ಕಟ್ಟಲಿಲ್ಲ. ಗಷ್ಟು ಕಟ್ಟಿಸಿದ್ದು ಪ್ರತಿಕಾಯವಾಗಿದ್ದರೆ ವಾಸಿಯಾದ ಮೇಲೆ ಹೆಚ್ಚಬೇಕಿತ್ತು, ಇಲ್ಲಿ ಉಲ್ಟಾ. ಬೇರೆ ಸೋಂಕುಗಳಲ್ಲೂ ಇದು ಕಾಣಿಸಿಕೊಂಡಾಗ ನ್ಯುಮೋಕಾಕಸ್‌ಗೇ ಮೀಸಲಲ್ಲ ಎಂಬುದು ಖಚಿತವಾಯಿತು. 'ಸಿ' ಅಂಶಕ್ಕೆ ಪ್ರತಿಕ್ರಿಯಿಸುವ ಇದೇ ಸಿಆರ್‌ಪಿ. ಯಕೃತ್ತು ತಯಾರಿಸುವ ಈ ಪ್ರೋಟೀನ್ ಕೆಲವೇ ಗಂಟೆಗಳಲ್ಲಿ ಏರಿ, ಸುಮಾರು 2 ದಿನಕ್ಕೆ ತುದಿ ಮುಟ್ಟುತ್ತದೆ. ಕಾರಣ ಕಳೆದ ಮೇಲೆ ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಇಎಸ್‌ಆರ್‌ಗಿಂತ ಇದರ ಬೆಲೆ ಇರುವುದು ಇಲ್ಲಿಯೇ. ಲ್ಯಾಟೆಕ್ಸ್ ಪರೀಕ್ಷೆ ಬಂದ ಮೇಲೆ ಸಣ್ಣ ಲ್ಯಾಬಿಗೂ ಇದು ಎಟುಕಿತು: ಕಪ್ಪು ಸ್ಲೈಡಿನ ಮೇಲೆ ಒಂದು ತೊಟ್ಟು ಸೀರಂ, ಒಂದು ತೊಟ್ಟು ಹಾಲಿನಂಥ ದ್ರವ, ಅಲುಗಾಡಿಸಿದಾಗ ಹಾಲು ಒಡೆದಂತೆ ಕಾಳುಕಾಳಾದರೆ ಪಾಸಿಟಿವ್.

1993ರಲ್ಲಿ ಫ್ರಾನ್ಸಿನ ಅಸಿಕೋ ಮತ್ತು ಸಂಗಡಿಗರು ಸೋಂಕು ತಗುಲಿದ ಮಕ್ಕಳಲ್ಲೇ ಪ್ರೊಕ್ಯಾಲ್ಸಿಟೋನಿನ್ ಎಂಬ ಇನ್ನೊಂದು ಸೂಚಕದ ಏರಿಕೆ ತೋರಿಸಿದರು. ಅದು ದುಬಾರಿ, ದೊಡ್ಡ ಆಸ್ಪತ್ರೆಯ ಮಾತು.

ಬ್ಯಾಕ್ಟೀರಿಯವೋ ವೈರಸ್ಸೋ ಎಂಬ ಹಳೆಯ ಪ್ರಶ್ನೆಗೆ ಇವು ಅರ್ಧ ಉತ್ತರವನ್ನಷ್ಟೇ ಕೊಡುತ್ತವೆ. ಅಡಿನೋವೈರಸ್ ಕೂಡ ಸಿಆರ್‌ಪಿಯನ್ನು ಚೆನ್ನಾಗಿಯೇ ಏರಿಸಬಲ್ಲದು. ಹಾಗಾಗಿ ಮಧುಗಿರಿ, ಪಾವಗಡ, ಬಲಸಮುದ್ರದ ಕಡೆಯ ಹಳ್ಳಿಗಳಲ್ಲಿ ಮೊದಲ ಪರೀಕ್ಷೆ ಇನ್ನೂ ಉಸಿರಿನದೇ. ಮಗು ಅಳು ನಿಲ್ಲಿಸಿ ತಾಯಿಯ ಮಡಿಲಲ್ಲಿ ಸುಮ್ಮನಿರುವಾಗ ಅಂಗಿ ಎತ್ತಿ, ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು: 2ರಿಂದ 12 ತಿಂಗಳೊಳಗಿನ ಕೂಸಿಗೆ 50, ಒಂದರಿಂದ 5 ವರ್ಷದೊಳಗಿನವರಿಗೆ 40 ಅಥವಾ ಹೆಚ್ಚಾದರೆ ಉಸಿರಾಟ ಜೋರು ಎಂದರ್ಥ. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆದುಕೊಂಡರೆ ಲ್ಯಾಬ್ ಚೀಟಿಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ರೋಗ ಬರದಂತೆ ತಡೆಯಲು ಕೊಡುವ ನ್ಯುಮೋಕಾಕಸ್ ಲಸಿಕೆ ಭಾರತದ ಸರ್ಕಾರಿ ಕಾರ್ಯಕ್ರಮಕ್ಕೆ 2017ರಲ್ಲಿ ಕೆಲ ರಾಜ್ಯಗಳಲ್ಲಿ ಸೇರಿ, 2021ರಲ್ಲಿ ದೇಶದಾದ್ಯಂತ ವಿಸ್ತರಿಸಿತು. ಒಂದೂವರೆ, ಮೂರೂವರೆ ಮತ್ತು ಒಂಬತ್ತು ತಿಂಗಳಿಗೆ ಒಂದೊಂದು ಡೋಸ್.