ಬಡಾವಣೆಯೊಳಗಿನ ಹಳ್ಳಿ: ಕಾಲ್ನಡಿಗೆಯಲ್ಲಿ ಒಂದು ಚರಿತ್ರೆಯ ಪಾಠ



ಚರಿತ್ರೆ ಎಂದೊಡನೆ ನಿಮಗೆ ನೆನಪಾಗುವುದು ಹಂಪೆ, ಬೇಲೂರು, ಶ್ರೀರಂಗಪಟ್ಟಣ. ಬಸ್ಸು ಮಾಡಿಕೊಂಡು ಶಾಲೆಯ ಪ್ರವಾಸ ಹೋದರೆ ಮಾತ್ರ ಚರಿತ್ರೆಯನ್ನು ಕಾಣಬಹುದು ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಆದರೆ ನೀವು ದಕ್ಷಿಣ ಬೆಂಗಳೂರಿನವರಾಗಿದ್ದರೆ ದಿನವೂ ಬಸ್ಸಿನ ಮೇಲೆ ಓದುವ ಒಂದು ಹೆಸರನ್ನೇ ತೆಗೆದುಕೊಳ್ಳಿ. ಬಿ.ಟಿ.ಎಂ. ಬಡಾವಣೆ. ಈ ಮೂರು ಇಂಗ್ಲಿಷ್ ಅಕ್ಷರಗಳು ಯಾವುವು ಎಂದು ಯೋಚಿಸಿದ್ದೀರಾ? ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರೂ ಊರುಗಳ ಹೆಸರು. ರಾಗಿ ಬೆಳೆಯುತ್ತಿದ್ದ, ಕೆರೆ ಕಟ್ಟಿಕೊಂಡಿದ್ದ ಮೂರು ಹಳ್ಳಿಗಳು ಒಂದೊಂದು ಅಕ್ಷರವಾಗಿ ಕುಗ್ಗಿ ಒಂದು ಬಡಾವಣೆಯ ಫಲಕದಲ್ಲಿ ಕುಳಿತಿವೆ.

ಹೀಗೆ ಅಡಗಿ ಕುಳಿತ ಊರುಗಳನ್ನು ಕಾಲ್ನಡಿಗೆಯಲ್ಲಿ ಹುಡುಕಿ ನೋಡುವ ಪದ್ಧತಿ ಬೆಂಗಳೂರಿನಲ್ಲಿ ಕಳೆದ ಎರಡು ದಶಕಗಳಿಂದ ಬೆಳೆದು ಬಂದಿದೆ. ಪರಂಪರೆಯ ಸಂರಕ್ಷಣೆಗಾಗಿ 1984ರಲ್ಲಿ ಸ್ಥಾಪನೆಯಾದ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆಯೂ, ಚರಿತ್ರೆಯಲ್ಲಿ ಆಸಕ್ತಿಯುಳ್ಳ ಇತರರೂ ಬಸವನಗುಡಿ, ಮಲ್ಲೇಶ್ವರ, ಹಳೆಯ ಪೇಟೆ ಮುಂತಾದ ಕಡೆ ಇಂಥ ನಡಿಗೆಗಳನ್ನು ಏರ್ಪಡಿಸಿದ್ದಾರೆ. ಬೆಳಗಿನ ಹೊತ್ತು ಹತ್ತಿಪ್ಪತ್ತು ಜನ ಸೇರುತ್ತಾರೆ. ತಿಳಿದವರೊಬ್ಬರು ಮುಂದೆ ನಡೆಯುತ್ತ, ನಿಂತು, ತೋರಿಸಿ, ವಿವರಿಸುತ್ತಾರೆ. ಬನ್ನಿ, ಇಂದು ನಾವೂ ಅಂಥದೊಂದು ನಡಿಗೆಯನ್ನು ಮಾಡೋಣ. ನಮ್ಮ ಉದ್ದೇಶ ನೋಡುವುದಷ್ಟೇ ಅಲ್ಲ. ಕೇಳಿದ ಕಥೆಯನ್ನು ಪರೀಕ್ಷಿಸುವುದು ಹೇಗೆ ಎಂಬುದನ್ನೂ ಕಲಿಯೋಣ.

ಬಂಡೆಯ ಮೇಲಿನಿಂದ

ಲಾಲ್‌ಬಾಗಿನ ಬಂಡೆಯ ಮೇಲೆ ನಿಂತು ಪ್ರಾರಂಭಿಸೋಣ. ಹೈದರ್ ಅಲಿ 1760ರಲ್ಲಿ ಈ ತೋಟಕ್ಕೆ ಅಡಿಪಾಯ ಹಾಕಿದನೆಂದು ನೀವು ಓದಿದ್ದೀರಿ. ಆದರೆ ಕಾಲಡಿಯ ಕಲ್ಲಿನ ವಯಸ್ಸು ಸುಮಾರು 300 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಈ ಬಂಡೆಯ ಮೇಲೆ ಕೆಂಪೇಗೌಡರ ಹೆಸರಿನ ಒಂದು ಗೋಪುರವಿದೆ. ಇಂಥ ಗೋಪುರಗಳು ನಾಲ್ಕು: ಇಲ್ಲಿ ಒಂದು, ಹಲಸೂರು ಕೆರೆಯ ಬಳಿ ಒಂದು, ಕೆಂಪಾಂಬುಧಿ ಕೆರೆಯ ಬಳಿ ಒಂದು, ಮೇಖ್ರಿ ವೃತ್ತದ ಬಳಿ ಒಂದು. ಬೆಂಗಳೂರು ಈ ನಾಲ್ಕು ಗೋಪುರಗಳ ಎಲ್ಲೆಯನ್ನು ಮೀರಿ ಬೆಳೆಯಬಾರದೆಂದು ಹಿರಿಯರು ಹೇಳಿದ್ದರು ಎಂಬುದು ಜನರ ಬಾಯಲ್ಲಿ ಉಳಿದ ಮಾತು. ದಕ್ಷಿಣಕ್ಕೆ ತಿರುಗಿ ನೋಡಿ. ಜಯನಗರ, ಜೆ.ಪಿ. ನಗರ, ಬನಶಂಕರಿ ಎಲ್ಲವೂ ಆ ಎಲ್ಲೆಯ ಆಚೆಗೆ ಇವೆ.

ಕಡಲೆಕಾಯಿ ಹೇಳುವ ಸಾಕ್ಷಿ

ಪಶ್ಚಿಮದ ಬಾಗಿಲಿನಿಂದ ಹೊರಟು ಬಸವನಗುಡಿಗೆ ಬರೋಣ. ದೊಡ್ಡ ಬಸವಣ್ಣನ ವಿಗ್ರಹ ಒಂದೇ ಕಲ್ಲಿನಲ್ಲಿ ಕಡೆದದ್ದು. ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ಈ ಗುಡಿಯನ್ನು 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆಂಬುದು ಪ್ರತೀತಿ. ಗುಡಿಯ ಕಥೆ ನಿಮಗೆ ಗೊತ್ತಿದ್ದೀತು. ಸುಂಕೇನಹಳ್ಳಿ, ಗವಿಪುರ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿ ಮುಂತಾದ ಹಳ್ಳಿಗಳ ರೈತರು ಇಲ್ಲಿ ಕಡಲೆಕಾಯಿ ಬೆಳೆಯುತ್ತಿದ್ದರು. ಪ್ರತಿ ಹುಣ್ಣಿಮೆಯ ರಾತ್ರಿ ಒಂದು ಗೂಳಿ ಬಂದು ಬೆಳೆಯನ್ನು ಮೇಯುತ್ತಿತ್ತು. ಅದನ್ನು ಶಾಂತಗೊಳಿಸಲು ಗುಡಿ ಕಟ್ಟಿ, ಮೊದಲ ಫಸಲನ್ನು ಒಪ್ಪಿಸುವ ಹರಕೆ ಹೊತ್ತರು. ಅದೇ ಇಂದಿಗೂ ಕಾರ್ತಿಕ ಮಾಸದ ಕಡೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆ.

ಈಗ ಈ ಕಥೆಯನ್ನು ಚರಿತ್ರೆಯ ವಿದ್ಯಾರ್ಥಿಯಾಗಿ ಕೇಳಿ ನೋಡಿ. ಕಡಲೆಕಾಯಿ ನಮ್ಮ ನೆಲದ ಬೆಳೆಯೇ? ಅಲ್ಲ. ಅದರ ತವರು ದಕ್ಷಿಣ ಅಮೆರಿಕ. ಕೊಲಂಬಸ್ ಅಮೆರಿಕ ತಲಪಿದ್ದು 1492ರಲ್ಲಿ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಹಾಗಿರುವಾಗ ಕೇವಲ 27 ವರ್ಷಗಳಲ್ಲಿ ಸಮುದ್ರದಿಂದ ಇಷ್ಟು ದೂರದ ಒಳನಾಡಿನ ಹಳ್ಳಿಹಳ್ಳಿಯಲ್ಲೂ ಕಡಲೆಕಾಯಿ ಹಬ್ಬಿತ್ತೆಂದು ನಂಬುವುದು ಕಷ್ಟ. ದಕ್ಷಿಣ ಭಾರತದಲ್ಲಿ ಅದು ದೊಡ್ಡ ಪ್ರಮಾಣದ ಬೆಳೆಯಾದದ್ದು 19ನೆಯ ಶತಮಾನದಲ್ಲಿ.

ನಮ್ಮ ಭಾಷೆಯೇ ಇದಕ್ಕೆ ಇನ್ನೊಂದು ಸಾಕ್ಷಿ. ಕಡಲೆ ನಮ್ಮಲ್ಲಿ ಹಿಂದಿನಿಂದಲೂ ಇತ್ತು. ಹೊಸದಾಗಿ ಬಂದ ಬೆಳೆಗೆ ಜನ ಹಳೆಯ ಹೆಸರನ್ನೇ ಕೊಟ್ಟು ಕಡಲೆಕಾಯಿ ಎಂದರು. ಮೆಣಸು ನಮ್ಮದು, ಅಮೆರಿಕದಿಂದ ಬಂದದ್ದು ಮೆಣಸಿನಕಾಯಿ ಆಯಿತು. ಹೊಸ ನೆಂಟನಿಗೆ ಮನೆಯವರ ಹೆಸರಿಟ್ಟು ಕರೆದ ಹಾಗೆ.

ಹಾಗಾದರೆ ಪರಿಷೆಯ ಕಥೆ ಸುಳ್ಳೇ? ಆ ಆತುರದ ತೀರ್ಮಾನ ಬೇಡ. ಗುಡಿಗೆ ಮೊದಲ ಫಸಲು ಒಪ್ಪಿಸುವ ಪದ್ಧತಿ ಹಳೆಯದಿರಬಹುದು, ಆಗ ಬೆಳೆ ಬೇರೆಯದಿರಬಹುದು. ಕಥೆ ಈಗಿನ ರೂಪ ತಳೆದ ಕಾಲಕ್ಕೆ ಈ ಹೊಲಗಳಲ್ಲಿ ಕಡಲೆಕಾಯಿ ತುಂಬಿತ್ತು ಎಂಬುದಂತೂ ನಿಜ. ಅಂದರೆ ಈ ಕಥೆ ಗುಡಿ ಕಟ್ಟಿದ ವರ್ಷಕ್ಕೆ ಸಾಕ್ಷಿಯಾಗದೆ ಹೋದರೂ ಸುತ್ತಲಿನ ರೈತರ ಬದುಕಿಗೆ ಒಳ್ಳೆಯ ಸಾಕ್ಷಿ. ಐತಿಹ್ಯವನ್ನು ಹೀಗೆ ಓದಬೇಕು. ಪೂರ್ತಿ ನಂಬಿ ಕೂರುವುದೂ ಸಲ್ಲ, ಎತ್ತಿ ಬಿಸಾಡುವುದೂ ಸಲ್ಲ.

ಹಿತ್ತಿಲ ಓಣಿಯ ಚರಿತ್ರೆ

ಗುಡಿಯಿಂದ ಇಳಿದು ಬಡಾವಣೆಯ ಬೀದಿಗಳಿಗೆ ಬನ್ನಿ. 1890ರ ದಶಕದಲ್ಲಿ ಮೈಸೂರು ಸರ್ಕಾರ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳನ್ನು ರೂಪಿಸಿತು. 1898ರಲ್ಲಿ ಪ್ಲೇಗ್ ಬಂದು ಇಕ್ಕಟ್ಟಾದ ಪೇಟೆಯ ಜನ ತತ್ತರಿಸಿದಾಗ ಗಾಳಿ ಬೆಳಕಿನ ಈ ಹೊಸ ಬಡಾವಣೆಗಳಿಗೆ ಬೇಡಿಕೆ ಹೆಚ್ಚಿತು. ನೇರವಾದ ರಸ್ತೆ, ಮನೆಯ ಸುತ್ತ ಖಾಲಿ ಜಾಗ, ಅಲ್ಲಲ್ಲಿ ಉದ್ಯಾನ. ಆರಂಭದ ಇಂಥ ಬಡಾವಣೆಗಳಲ್ಲಿ ನಿವೇಶನಗಳನ್ನು ಜಾತಿ, ಸಮುದಾಯಗಳ ಪ್ರಕಾರ ವಿಂಗಡಿಸಿ ಹಂಚಿದ್ದೂ ಉಂಟು.

ಎರಡು ಸಾಲು ಮನೆಗಳ ಹಿಂಬದಿಯಲ್ಲಿ ಒಂದು ಕಿರಿದಾದ ಓಣಿ ಇರುವುದನ್ನು ಕೆಲವು ಕಡೆ ಈಗಲೂ ಕಾಣಬಹುದು. ಒಳಚರಂಡಿ ಇಲ್ಲದ ಕಾಲದಲ್ಲಿ ಮಲ ಹೊರುವ ಕೆಲಸಕ್ಕೆ ಕಟ್ಟುಬಿದ್ದ ಜನ ಈ ಓಣಿಯಿಂದ ಬಂದು, ಯಾರ ಕಣ್ಣಿಗೂ ಬೀಳದಂತೆ ಕೆಲಸ ಮಾಡಿ ಹೋಗಬೇಕಾಗಿತ್ತು. ಮುಂಬಾಗಿಲ ಚರಿತ್ರೆಯನ್ನು ಎಲ್ಲರೂ ಹೇಳುತ್ತಾರೆ. ಹಿತ್ತಿಲ ಓಣಿಯ ಚರಿತ್ರೆಯನ್ನು ನೀವೇ ಕೇಳಬೇಕು. ಪ್ಲೇಗಿನಿಂದ ಊರನ್ನು ಕಾಪಾಡಿದ ನೈರ್ಮಲ್ಯದ ಹೊರೆ ಯಾರ ತಲೆಯ ಮೇಲೆ ಇತ್ತು ಎಂಬುದು ಕೇಳಲೇಬೇಕಾದ ಪ್ರಶ್ನೆ.

ಇಲ್ಲಿಂದ ಸ್ವಲ್ಪ ದೂರದ ಗವಿಪುರದಲ್ಲಿ ರಸ್ತೆಗಳ ನೇರ ಗೆರೆ ತಪ್ಪುತ್ತದೆ. ಬಂಡೆಯ ಗವಿಯೊಳಗಿನ ಗಂಗಾಧರೇಶ್ವರನ ಗುಡಿ ಇಲ್ಲಿದೆ. ಅಂಗಳದಲ್ಲಿ ಸೂರ್ಯಪಾನ, ಚಂದ್ರಪಾನ ಎಂಬ ದೊಡ್ಡ ಕಲ್ಲಿನ ಬಿಲ್ಲೆಗಳಿವೆ. ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುವುದನ್ನು ನೋಡಲು ಜನ ಕಿಕ್ಕಿರಿದು ಸೇರುತ್ತಾರೆ. ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಒಂದು ಲೆಕ್ಕ ಮಾಡಬಹುದು. ಡಿಸೆಂಬರ್ 21 ಅಥವಾ 22ರಂದು ಸೂರ್ಯ ದಕ್ಷಿಣದ ತುದಿ ಮುಟ್ಟಿ ಹಿಂದಿರುಗುತ್ತಾನೆ. ಸಂಕ್ರಾಂತಿ ಆ ದಿನದಿಂದ ಮೂರು ವಾರಗಳ ಆಚೆಗೆ ಬರುತ್ತದೆ. ಅಷ್ಟೇ ದಿನ ಈಚೆಗೆ, ನವೆಂಬರ್ ಕೊನೆಯಲ್ಲಿ, ಸೂರ್ಯ ಅದೇ ದಾರಿಯಲ್ಲಿ ಇರಬೇಕಲ್ಲವೆ? ಹೌದು. ಈ ಗುಡಿಯನ್ನು ಅಭ್ಯಾಸ ಮಾಡಿದ ಬೆಂಗಳೂರಿನ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಕಿರಣ ವರ್ಷಕ್ಕೆ ಎರಡು ಸಲ ಲಿಂಗವನ್ನು ಮುಟ್ಟುತ್ತದೆಂದು ತೋರಿಸಿದರು. 18ನೆಯ ಶತಮಾನದ ಕೊನೆಯಲ್ಲಿ ಥಾಮಸ್ ಮತ್ತು ವಿಲಿಯಂ ಡೇನಿಯಲ್ ಎಂಬ ಚಿತ್ರಕಾರರು ಬರೆದ ಚಿತ್ರಗಳೊಡನೆ ಹೋಲಿಸಿ, ಗುಡಿಯ ಕಟ್ಟಡದಲ್ಲಿ ಆಮೇಲೆ ಬದಲಾವಣೆಗಳಾಗಿವೆ ಎಂಬುದನ್ನೂ ಗುರುತಿಸಿದರು. ಎರಡು ಶತಮಾನ ಹಿಂದಿನ ಒಂದು ಚಿತ್ರ ಇಂದಿನ ಖಗೋಳ ಲೆಕ್ಕಕ್ಕೆ ನೆರವಾಯಿತು. ಆದ್ದರಿಂದ ಹಳೆಯ ಚಿತ್ರ, ಹಳೆಯ ಛಾಯಾಚಿತ್ರ ಯಾವುದನ್ನೂ ಕಸಕ್ಕೆ ಹಾಕಬೇಡಿ.

ಹಳ್ಳಿ ಉಳಿದದ್ದು ಹೇಗೆ?

ಈಗ ದಕ್ಷಿಣಕ್ಕೆ, ಜಯನಗರದ ಕಡೆಗೆ ನಡೆಯೋಣ. ಅಶೋಕ ಸ್ತಂಭದ ಬಳಿ ಒಂದು ಗಳಿಗೆ ನಿಲ್ಲಿ. ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು 1948ರ ಆಗಸ್ಟ್ ತಿಂಗಳಲ್ಲಿ ಜಯನಗರ ಬಡಾವಣೆಗೆ ಶಂಕುಸ್ಥಾಪನೆ ಮಾಡಿದ್ದರ ನೆನಪು ಇದು. ಬಡಾವಣೆ ಹೊಸದು, ಆದರೆ ನೆಲ ಖಾಲಿಯಾಗಿರಲಿಲ್ಲ. ಸಿದ್ದಾಪುರ, ಕನಕನಪಾಳ್ಯ, ಬೈರಸಂದ್ರ, ಯಡಿಯೂರು ಆಗಲೇ ಇದ್ದವು.

ಇವು ಅಳಿಯದೆ ಉಳಿದದ್ದಕ್ಕೆ ಕಾರಣವನ್ನು ಗಮನಿಸಬೇಕು. ಬಡಾವಣೆ ಮಾಡುವಾಗ ನಗರಾಭಿವೃದ್ಧಿ ಸಂಸ್ಥೆಗಳು, ಮೊದಲು ಸಿ.ಐ.ಟಿ.ಬಿ., 1976ರ ನಂತರ ಬಿ.ಡಿ.ಎ., ಸಾಮಾನ್ಯವಾಗಿ ಸ್ವಾಧೀನ ಮಾಡಿಕೊಂಡದ್ದು ಹೊಲ, ಗದ್ದೆ, ತೋಟಗಳನ್ನು. ಮನೆಗಳಿದ್ದ ಜಾಗ, ಅಂದರೆ ಗ್ರಾಮಠಾಣ, ಹಾಗೆಯೇ ಉಳಿಯುತ್ತಿತ್ತು. ಹೀಗಾಗಿ ಅಳೆದು ಹಾಕಿದ ಅಡ್ಡರಸ್ತೆಗಳ ನಡುವೆ ಇದ್ದಕ್ಕಿದ್ದಂತೆ ಓಣಿಗಳು ಅಂಕುಡೊಂಕಾಗುತ್ತವೆ. ಅಲ್ಲೊಂದು ಅರಳಿಕಟ್ಟೆ, ಅದರ ಮೇಲೆ ನಾಗರಕಲ್ಲು. ಮುಂದೆ ಊರದೇವತೆಯ ಗುಡಿ. ರಸ್ತೆ ಡೊಂಕಾದ ಕಡೆ ಹಳ್ಳಿಯಿದೆ ಎಂದು ತಿಳಿಯಿರಿ. ಹಳ್ಳಿ ಉಳಿಯಿತು, ಆದರೆ ಅದನ್ನು ಸಾಕುತ್ತಿದ್ದ ಹೊಲ ಹೋಯಿತು ಎಂಬುದನ್ನೂ ಮರೆಯಬಾರದು. ಇಂಥ ಓಣಿಯ ಜಗುಲಿಯ ಮೇಲೆ ಕುಳಿತ ಅಜ್ಜಿಯೊಬ್ಬರು ನಿಮ್ಮ ಶಾಲೆ ಇರುವ ಜಾಗದಲ್ಲಿ ತಾವು ಕಳೆ ಕಿತ್ತದ್ದನ್ನು ನೆನೆಯಬಹುದು. ಅಂಥ ಮಾತನ್ನು ಬರೆದಿಟ್ಟುಕೊಳ್ಳಿ. ಅದು ಯಾವ ಶಾಸನದಲ್ಲೂ ಇಲ್ಲ.

ಊರಿನ ಹೆಸರುಗಳೂ ದಾಖಲೆಗಳೇ. ಬೈರಸಂದ್ರದ ‘ಸಂದ್ರ’ ಸಮುದ್ರ ಎಂಬುದರ ಸವೆದ ರೂಪ. ನಮ್ಮ ಹಿಂದಿನವರು ದೊಡ್ಡ ಕೆರೆಯನ್ನು ಸಮುದ್ರವೆಂದೇ ಕರೆಯುತ್ತಿದ್ದರು. ‘ಪಾಳ್ಯ’ ಎಂದರೆ ಬೀಡು ಬಿಟ್ಟ ಜಾಗ. ತಾವರೆಕೆರೆಗೆ ವಿವರಣೆ ಬೇಡ. ಈ ಕೆರೆಗಳ ನೀರಿನ ದಾರಿಯೂ ಒಂದು ಪಾಠ. ಬಸವನಗುಡಿಯ ಕಡೆ ಹುಟ್ಟುವ ವೃಷಭಾವತಿ ಪಶ್ಚಿಮಕ್ಕೆ ಇಳಿದು ಅರ್ಕಾವತಿಯ ಮೂಲಕ ಕಾವೇರಿ ಸೇರುತ್ತದೆ. ಮಡಿವಾಳದ ನೀರು ಬೆಳ್ಳಂದೂರಿನ ಕಡೆ ಹರಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಒಂದು ಬೆಳಗಿನ ನಡಿಗೆಯಲ್ಲಿ ನೀವು ಎರಡು ನದಿಗಳ ನಡುವಿನ ಏಣನ್ನು ದಾಟಿರುತ್ತೀರಿ!

ಕಲ್ಲು ಹೇಳಿದ್ದು

ಇನ್ನೂ ದಕ್ಷಿಣಕ್ಕೆ ಬೇಗೂರಿದೆ. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ‘ಬೆಂದಕಾಳೂರು’ ಆಯಿತೆಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಇಮ್ಮಡಿ ವೀರಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ. ಆದರೆ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು 890ರ ಗಂಗರ ಕಾಲದ ಒಂದು ವೀರಗಲ್ಲು ‘ಬೆಂಗಳೂರು’ ಕಾಳಗದಲ್ಲಿ ಮಡಿದವನನ್ನು ಸ್ಮರಿಸುತ್ತದೆ. ರಾಜ ಹುಟ್ಟುವುದಕ್ಕೆ ಎರಡೂವರೆ ಶತಮಾನ ಮೊದಲೇ ಊರಿಗೆ ಹೆಸರಿತ್ತು! ಆ ಒಂದು ಕಲ್ಲು ಹಾಳಾಗಿದ್ದರೆ ನಾವು ಇಂದಿಗೂ ಬೆಂದ ಕಾಳಿನ ಕಥೆಯನ್ನೇ ಚರಿತ್ರೆಯೆಂದು ಪರೀಕ್ಷೆಯಲ್ಲಿ ಬರೆಯುತ್ತಿದ್ದೆವೋ ಏನೋ.

ಇಲ್ಲಿಯೇ ನಿಮ್ಮ ಪಾತ್ರ ಬರುತ್ತದೆ. ಬಿ.ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 9ನೆಯ ಸಂಪುಟವಾಗಿ ಪ್ರಕಟಿಸಿದರು. ಆಗ ಹೊಲದಲ್ಲಿ, ಕೆರೆಯ ಏರಿಯ ಮೇಲೆ, ಗುಡಿಯ ಮುಂದೆ ನಿಂತಿದ್ದ ಹಲವು ಕಲ್ಲುಗಳು ಈಗ ಇದ್ದಲ್ಲಿ ಇಲ್ಲ. ಕೆಲವು ತಳಪಾಯ ಸೇರಿದವು, ಕೆಲವು ಮಣ್ಣಿನಲ್ಲಿ ಹೂತವು. 2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆದಾಗ ಸಿಕ್ಕಿದ ಒಂದು ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು 750ರದ್ದು ಎಂದು ತಿಳಿದುಬಂತು. ನೋಡಿದವರು ಗುರುತಿಸಿದ್ದರಿಂದ ಅದು ಉಳಿಯಿತು. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ 2021ರಿಂದ ಇಂಥ ಶಾಸನಗಳ ಅಕ್ಷರಗಳನ್ನು ಮೂರು ಆಯಾಮಗಳಲ್ಲಿ ಗಣಕದಲ್ಲಿ ಸೆರೆಹಿಡಿಯುವ ಕೆಲಸವನ್ನು ಕೈಗೊಂಡಿದೆ.

ನಿಮ್ಮ ನಡಿಗೆಗೆ ಕೆಲವು ಮಾತು

ನಿಮ್ಮ ತರಗತಿಯವರು ಒಂದು ಭಾನುವಾರ ಇಂಥ ನಡಿಗೆ ಏರ್ಪಡಿಸಬಹುದು. ದೊಡ್ಡ ಖರ್ಚೇನೂ ಇಲ್ಲ. ಒಂದು ನೋಟ್ ಪುಸ್ತಕ, ಒಂದು ಪೆನ್ಸಿಲ್, ಕುಡಿಯುವ ನೀರು ಸಾಕು. ಮುಂದೆ ನಡೆಯುವವರು ಏನೇ ಹೇಳಲಿ, ಮೂರು ಪ್ರಶ್ನೆಗಳನ್ನು ಇಟ್ಟುಕೊಳ್ಳಿ. ಇದು ಶಾಸನದ ಮಾತೇ, ಕಾಗದಪತ್ರದ ಮಾತೇ, ಬಾಯಿಮಾತೇ? ಇದು ಯಾವ ಕಾಲದಲ್ಲಿ ಹುಟ್ಟಿದ ಮಾತು? ಈ ಕಥೆಯಲ್ಲಿ ಯಾರ ಹೆಸರು ಬಂದಿಲ್ಲ? ಹಳ್ಳಿಯ ಓಣಿಗೆ ಹೋದಾಗ ಅಲ್ಲಿ ಜನ ವಾಸವಾಗಿದ್ದಾರೆ ಎಂಬುದು ನೆನಪಿರಲಿ. ಕೇಳದೆ ಚಿತ್ರ ತೆಗೆಯಬೇಡಿ, ಹಿರಿಯರಿಗೆ ನಮಸ್ಕಾರ ಹೇಳಿ ಮಾತಿಗೆ ತೊಡಗಿ. ಅಕ್ಷರವಿರುವ ಕಲ್ಲು ಕಂಡರೆ ಅದರ ಮೇಲೆ ಸುಣ್ಣ, ಬಣ್ಣ ಬಳಿಯಬೇಡಿ, ಕೆರೆಯಬೇಡಿ, ಇದ್ದಲ್ಲಿಂದ ಕದಲಿಸಬೇಡಿ. ಇರುವ ಜಾಗವನ್ನು ಬರೆದುಕೊಂಡು ನಿಮ್ಮ ಅಧ್ಯಾಪಕರಿಗೂ ಪುರಾತತ್ವ ಇಲಾಖೆಗೂ ತಿಳಿಸಿ.

ಮುಂದಿನ ಸಲ ಬಿ.ಟಿ.ಎಂ. ಎಂಬ ಫಲಕ ಕಂಡಾಗ ಆ ಮೂರು ಊರುಗಳ ಹೆಸರನ್ನು ಒಮ್ಮೆ ಪೂರ್ತಿಯಾಗಿ ಹೇಳಿಕೊಳ್ಳಿ. ಪಕ್ಕದಲ್ಲಿ ಕುಳಿತ ಗೆಳೆಯನಿಗೂ ಹೇಳಿ. ನಡಿಗೆ ಅಲ್ಲಿಂದಲೇ ಪ್ರಾರಂಭವಾಗಲಿ.