ಕೊಲ್ಲಿಯಾಚೆಯ ರೊಟ್ಟಿ ಮತ್ತು ನಮ್ಮ ಮಕ್ಕಳ ಸತು

ಚಳಿಗಾಲ ಬಂತೆಂದರೆ ಕುವೈತಿನಲ್ಲಿರುವ ನಮ್ಮ ಕುಟುಂಬಗಳ ಕಾರುಗಳು ರಜೆಯ ದಿನಗಳಲ್ಲಿ ವಫ್ರಾದ ಕಡೆಗೆ ಹೊರಡುತ್ತವೆ. ನಗರದಿಂದ ದಕ್ಷಿಣಕ್ಕೆ ಸುಮಾರು 100 ಕಿಲೋಮೀಟರ್, ಸೌದಿ ಗಡಿಯ ಮಗ್ಗುಲಿನ ನೆಲ. ಚರಿತ್ರೆಯ ಪುಸ್ತಕಗಳಲ್ಲಿ ವಫ್ರಾದ ಹೆಸರು ಬರುವುದು 1953ರಲ್ಲಿ ದೊರೆತ ತೈಲದ ಕಾರಣಕ್ಕೆ. ನಮ್ಮ ಮಕ್ಕಳಿಗಾದರೋ ಅದು ಟೊಮೇಟೊ, ಸೌತೆ, ಬದನೆಗಳನ್ನು ಗಿಡದಲ್ಲೇ ಕಾಣುವ ಊರು. ಮರಳು ಮಣ್ಣು, ಉಪ್ಪು ಬೆರೆತ ಅಂತರ್ಜಲ. ಇಂಥ ನೆಲದಲ್ಲಿ ಬೆಳೆಗೆ ಬೇಕಾದ ಸತ್ವವನ್ನು ಹೊರಗಿನಿಂದಲೇ ತಂದು ಉಣಿಸಬೇಕು. ಮನೆಗೆ ಮರಳುವಾಗ ಕಾರಿನಲ್ಲಿ ನಡೆಯುವ ಮಾತು ಮಾತ್ರ ಮಕ್ಕಳಿಗೆ ಉಣಿಸುವುದರ ಬಗ್ಗೆ: ಊಟ ಸೇರುವುದಿಲ್ಲ, ಎತ್ತರ ಸಾಲದು, ಜಿಂಕ್ ಸಿರಪ್ ಯಾವುದು ಒಳ್ಳೆಯದು? ಕೋವಿಡ್ ಬಂದು ಹೋದ ಮೇಲೆ ಈ ಪ್ರಶ್ನೆ ನಮ್ಮಲ್ಲಿ ಇನ್ನಷ್ಟು ಹೆಚ್ಚಿದೆ. ಜಿಂಕ್, ಅಂದರೆ ಸತು, ಕೊರತೆಯಾದರೆ ಮನುಷ್ಯನ ಬೆಳವಣಿಗೆ ನಿಲ್ಲಬಹುದೆಂಬ ಅರಿವು ಹುಟ್ಟಿದ್ದು ಇಲ್ಲಿಂದ ಬಹು ದೂರವಲ್ಲ, ಕೊಲ್ಲಿಯ ಆಚೆ ದಡದ ಇರಾನಿನಲ್ಲಿ. ಅದನ್ನು ಗುರುತಿಸಿದವರು ಭಾರತ ಮೂಲದ ಒಬ್ಬ ವೈದ್ಯರು.

ಬಿಹಾರದ ಬಕ್ಸರ್‌ನಲ್ಲಿ ಹುಟ್ಟಿ, ಪಟ್ನಾದಲ್ಲಿ ವೈದ್ಯಶಾಸ್ತ್ರ ಓದಿ, ಅಮೆರಿಕದಲ್ಲಿ ಸಂಶೋಧನಾ ಶಿಕ್ಷಣ ಮುಗಿಸಿದ್ದ ಆನಂದ ಪ್ರಸಾದ್ 1958ರಲ್ಲಿ ಶಿರಾಜ್ ನಗರಕ್ಕೆ ಬಂದರು. ಅಲ್ಲಿ ಅವರಿಗೆ ತೋರಿಸಲಾದ ರೋಗಿಯ ವಯಸ್ಸು 21. ಕಾಣಲು 10 ವರ್ಷದ ಹುಡುಗ. ತೀವ್ರ ರಕ್ತಹೀನತೆ, ಒರಟಾದ ಒಣ ಚರ್ಮ, ಊದಿದ ಯಕೃತ್ತು ಮತ್ತು ಗುಲ್ಮ, ಪ್ರಾಯದ ಲಕ್ಷಣಗಳೇ ಇಲ್ಲ, ಮನಸ್ಸಿಗೂ ಮಂಕು. ಅವನ ಆಹಾರವೆಂದರೆ ಬಹುಪಾಲು ಗೋಧಿ ರೊಟ್ಟಿ ಮಾತ್ರ. ಜೊತೆಗೆ ದಿನಕ್ಕೆ ಸುಮಾರು ಅರ್ಧ ಕಿಲೋ ಜೇಡಿಮಣ್ಣು ತಿನ್ನುತ್ತಿದ್ದ. ಅಂಥ ರೋಗಿಗಳು ಇನ್ನೂ ಹಲವರು ಸಿಕ್ಕರು. ರಕ್ತಹೀನತೆಗೆ ಕಬ್ಬಿಣಾಂಶದ ಕೊರತೆ ಕಾರಣವೆಂದು ಹೇಳಬಹುದಿತ್ತು. ಆದರೆ ಬೆಳವಣಿಗೆಯೇ ನಿಂತುಹೋದುದಕ್ಕೆ? ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಬ್ಬಿಣದ ಕೊರತೆ ಹಾಗೆ ಮಾಡುವುದಿಲ್ಲ, ಸತುವಿನ ಕೊರತೆ ಮಾಡುತ್ತದೆ. ಇಲಿಗಳಿಗೆ ಸತು ಬೇಕೇ ಬೇಕೆಂದು 1934ರಲ್ಲೇ ತೋರಿಸಲಾಗಿತ್ತು. ಮನುಷ್ಯನಿಗೂ ಅದರ ಕೊರತೆ ಆಗಬಹುದೆಂಬ ಊಹೆಯನ್ನು ಪ್ರಸಾದ್ ಮತ್ತು ಸಹೋದ್ಯೋಗಿಗಳು 1961ರಲ್ಲಿ ಪ್ರಕಟಿಸಿದರು. ನಿಸರ್ಗದಲ್ಲಿ ಎಲ್ಲೆಡೆ ಇರುವ ಧಾತು ಮನುಷ್ಯನಿಗೆ ಕಡಿಮೆ ಬೀಳುವುದು ಹೇಗೆ ಎಂದು ಅನುಮಾನಿಸಿದವರೇ ಹೆಚ್ಚು.

ಉತ್ತರ ಸಿಕ್ಕಿದ್ದು ಈಜಿಪ್ಟಿನ ಹಳ್ಳಿಗಳಲ್ಲಿ. ಅಲ್ಲಿಯೂ ಅದೇ ಬಗೆಯ ಕುಳ್ಳ ಯುವಕರು; ಆದರೆ ಮಣ್ಣು ತಿನ್ನುವ ಅಭ್ಯಾಸ ಇರಲಿಲ್ಲ. ಪ್ರಸಾದರ ತಂಡ ರಕ್ತ, ಕೂದಲುಗಳಲ್ಲಿ ಸತುವನ್ನು ಅಳೆದು ನೋಡಿತು, ಕಡಿಮೆಯಿತ್ತು. ಸತು ಕೊಟ್ಟವರು, ಕಬ್ಬಿಣ ಮಾತ್ರ ಪಡೆದವರಿಗಿಂತ ಚೆನ್ನಾಗಿ ಬೆಳೆದರು. 1971ರಲ್ಲಿ ಶಿರಾಜ್‌ನಲ್ಲಿದ್ದ ಜಾನ್ ರೈನ್‌ಹೋಲ್ಡ್ ಹಳ್ಳಿಯ ರೊಟ್ಟಿಯನ್ನೇ ಪರೀಕ್ಷೆಗೆ ಒಡ್ಡಿದರು. ಹಿಟ್ಟನ್ನು ಹುಳಿ ಬರಿಸದೆ ಸುಟ್ಟ ರೊಟ್ಟಿಯಲ್ಲಿ ಫೈಟೇಟ್ ಎಂಬ ಅಂಶ ಹೇರಳವಾಗಿತ್ತು. ಧಾನ್ಯದ ಹೊಟ್ಟಿನಲ್ಲಿರುವ ಈ ಫೈಟೇಟ್ ಸತುವನ್ನು ಕರುಳಿನಲ್ಲೇ ಹಿಡಿದಿಟ್ಟು ಮೈಗೆ ಸೇರಗೊಡುವುದಿಲ್ಲ. ತಟ್ಟೆಯಲ್ಲಿ ಸತು ಇತ್ತು, ದೇಹಕ್ಕೆ ದಕ್ಕುತ್ತಿರಲಿಲ್ಲ. ನಮ್ಮ ದೃಷ್ಟಿಯಲ್ಲಿ ಈ ಚರಿತ್ರೆಯ ತಿರುಳು ಇದೇ, ಮತ್ತು ಔಷಧದ ಬಾಟಲಿ ಕೈಗೆತ್ತಿಕೊಳ್ಳುವಾಗ ನಾವು ಮರೆಯುವುದೂ ಇದನ್ನೇ. ಸತುವಿಗೆ ದಿನವಹಿ ಪ್ರಮಾಣವನ್ನು ನಿಗದಿಪಡಿಸಲು ಅಮೆರಿಕದ ಆಹಾರ ಮಂಡಳಿ 1974ರವರೆಗೆ ಕಾಯಿತು.

ಇದೇ ಅವಧಿಯಲ್ಲಿ ಭಾರತದ ಹೊಲಗಳೂ ಸತುವಿನ ಹಸಿವನ್ನು ತೋರತೊಡಗಿದ್ದವು. 1966ರಲ್ಲಿ ಪಂತ್‌ನಗರದ ವೈ. ಎಲ್. ನೆನೆ, ಭತ್ತದ ಎಲೆ ಕಂದಾಗುವ ರೋಗಕ್ಕೆ ಸತುವಿನ ಕೊರತೆಯೇ ಕಾರಣವೆಂದು ಕಂಡುಕೊಂಡರು. ಕರ್ನಾಟಕದಲ್ಲಿ 2009ರಲ್ಲಿ ಆರಂಭವಾದ ‘ಭೂಚೇತನ’ ಯೋಜನೆ ಊರಿನಲ್ಲಿರುವ ನಮ್ಮವರಿಗೆಲ್ಲ ಗೊತ್ತು. ಇಕ್ರಿಸ್ಯಾಟ್ ಸಂಸ್ಥೆಯ ನೆರವಿನಿಂದ ಮೊದಲು ಮಣ್ಣಿನ ಮಾದರಿ ಪರೀಕ್ಷಿಸಿ, ಆಮೇಲೆ ಜಿಂಕ್ ಸಲ್ಫೇಟ್, ಬೋರಾನ್, ಜಿಪ್ಸಂಗಳನ್ನು ಕೊರತೆಗೆ ತಕ್ಕಂತೆ ಹಾಕುವ ಕ್ರಮ ಅದು. ಹೊಲಕ್ಕೆ ಈ ವಿವೇಕ ತೋರಿದ ಅಪ್ಪನ ಮೊಮ್ಮಗನಿಗೆ ಇಲ್ಲಿ ಯಾವ ಪರೀಕ್ಷೆಯೂ ಇಲ್ಲದೆ ಚಮಚದಲ್ಲಿ ಸತು!

ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಿಂದ ನೆಲೆಸಿರುವ ಸಿ.ಎಫ್.ಟಿ.ಆರ್.ಐ. ಸಂಶೋಧನಾಲಯ ಈ ವಿಷಯವನ್ನು ನಮ್ಮ ಅಡುಗೆಮನೆಗೇ ತಂದುಕೊಟ್ಟಿದೆ. ಜೀರ್ಣಕ್ರಿಯೆಯನ್ನು ಪ್ರಯೋಗಶಾಲೆಯಲ್ಲಿ ಅನುಕರಿಸಿ ಅಲ್ಲಿನವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಇಡ್ಲಿ ಮತ್ತು ದೋಸೆಯ ಹಿಟ್ಟು ಹುಳಿ ಬಂದಾಗ ಸತುವೂ ಕಬ್ಬಿಣವೂ ಹೆಚ್ಚು ದಕ್ಕುತ್ತವೆ. ಮೊಳಕೆ ಬರಿಸಿದ ರಾಗಿಯ ಮೇಲೆ ಎಲ್ಲ ಭರವಸೆಯನ್ನೂ ಇಟ್ಟಿರುವ ನಮಗೆ ಇಲ್ಲೊಂದು ಅಚ್ಚರಿ: ಮೊಳಕೆಯಿಂದ ರಾಗಿಯ ಕಬ್ಬಿಣಾಂಶ ಹೆಚ್ಚು ದಕ್ಕಿತು, ಸತು ಮಾತ್ರ ಕಡಿಮೆಯಾಯಿತು. ಧಾನ್ಯ, ಬೇಳೆಗಳ ಜೊತೆ ಈರುಳ್ಳಿ, ಬೆಳ್ಳುಳ್ಳಿ ಸೇರಿದರೆ ಎರಡೂ ಉತ್ತಮ ಎಂಬುದನ್ನು ಅದೇ ಸಂಸ್ಥೆ 2010ರಲ್ಲಿ ತಿಳಿಸಿತು. ಅಜ್ಜಿಯ ಒಗ್ಗರಣೆಗೆ ಇದಕ್ಕಿಂತ ಪ್ರಶಸ್ತಿ ಬೇಕೆ?

ಹಾಗೆಂದು ಸತುವಿನ ಔಷಧ ನಿರುಪಯುಕ್ತವೆಂದು ನಾವು ಹೇಳುತ್ತಿಲ್ಲ. ಮಗುವಿಗೆ ಭೇದಿಯಾದಾಗ ಅದು ಜೀವ ಉಳಿಸುತ್ತದೆ. 1995ರಲ್ಲಿ ದೆಹಲಿಯ ಮಕ್ಕಳ ಮೇಲಿನ ಅಧ್ಯಯನವೊಂದು ಇದರ ಮುಖ್ಯ ಆಧಾರಗಳಲ್ಲಿ ಒಂದು. ಓಆರ್‌ಎಸ್ ಜೊತೆಗೆ ದಿನಕ್ಕೆ 20 ಮಿಲಿಗ್ರಾಂ, ಆರು ತಿಂಗಳೊಳಗಿನ ಶಿಶುವಿಗೆ 10, 10ರಿಂದ 14 ದಿನ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲಿ ಸೂಚಿಸಿದವು. ಭಾರತ ಮತ್ತು ಟಾಂಜಾನಿಯಾಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 5 ಅಥವಾ 10 ಮಿಲಿಗ್ರಾಂ ಕೂಡ ಭೇದಿಗೆ ಅಷ್ಟೇ ಪರಿಣಾಮಕಾರಿಯಾಗಿತ್ತು, ವಾಂತಿಯೂ ಕಡಿಮೆ. ಇವೆಲ್ಲ ಕೆಲವೇ ದಿನಗಳ ಚಿಕಿತ್ಸೆಯ ಮಾತು. ತಿಂಗಳುಗಟ್ಟಲೆ ಕೊಡುವುದು ಬೇರೆ. ಅಮೆರಿಕದ ಮಾನದಂಡದಲ್ಲಿ 4ರಿಂದ 8 ವರ್ಷದ ಮಗುವಿಗೆ ದಿನಕ್ಕೆ ಬೇಕಾದ ಸತು 5 ಮಿಲಿಗ್ರಾಂ, ಊಟವೂ ಔಷಧವೂ ಸೇರಿ ಮೀರಬಾರದ ಮಿತಿ 12. ಮಲ್ಟಿವಿಟಮಿನ್ ಒಂದು, ಬೇರೆ ಜಿಂಕ್ ಸಿರಪ್ ಇನ್ನೊಂದು ಎಂದು ಎರಡನ್ನೂ ಕೊಡುವ ಮನೆಯಲ್ಲಿ ಈ ಮಿತಿ ಗೊತ್ತಿಲ್ಲದೆಯೇ ದಾಟಬಹುದು. ಸತು ಅತಿಯಾದರೆ ದೇಹಕ್ಕೆ ತಾಮ್ರ ಸೇರುವುದಿಲ್ಲ. ತಾಮ್ರವಿಲ್ಲದಿದ್ದರೆ ಮತ್ತೆ ರಕ್ತಹೀನತೆ. ದೀರ್ಘಕಾಲ ಹೆಚ್ಚು ಸತು ಸೇವಿಸಿದ ವಯಸ್ಕ ರೋಗಿಗಳಲ್ಲಿ ಈ ತಾಮ್ರದ ಕೊರತೆಯನ್ನು 1978ರಲ್ಲಿ ವರದಿ ಮಾಡಿದವರು ಬೇರೆ ಯಾರೂ ಅಲ್ಲ, ಇಪ್ಪತ್ತು ವರ್ಷಗಳ ಹಿಂದೆ ಶಿರಾಜ್‌ನಲ್ಲಿ ಆ ಮಣ್ಣು ತಿನ್ನುವ ಯುವಕನನ್ನು ಕಂಡಿದ್ದ ಅದೇ ಆನಂದ ಪ್ರಸಾದ್.